ಸೊಸೆ ಕುದಿಸಿದ ವಾಲ್ವ್

ನಮ್ಮ ಮನೆಯ ಹಾಲಿನ ಪಾತ್ರೆಯಲ್ಲಿ ಈಗ ಹಾಲು ಕಾಯುವುದಿಲ್ಲ. ಅದರಲ್ಲಿ ಕಾಯುವುದು ಬರೀ ನೀರು. ಆ ನೀರಿನ ನಡುವೆ ದಾರಕ್ಕೆ ಕಟ್ಟಿ ಇಳಿಬಿಟ್ಟ ಒಂದು ಹಿತ್ತಾಳೆಯ ಬಿಲ್ಲೆ. ಪಕ್ಕದ ಮನೆಯವಳು ಒಂದು ಸಲ ಮುಚ್ಚಳ ಎತ್ತಿ ನೋಡಿ ಇದೇನೆಂದು ಕೇಳಿದಳು. ಸೊಸೆಯ ಅಡುಗೆ, ಇನ್ನೂ ಬೆಂದಿಲ್ಲ, ಇದ್ದು ಊಟ ಮಾಡಿಕೊಂಡು ಹೋಗು ಅಂದೆ. ಏನೋ ಕೆಲಸ ನೆನಪಾಯಿತೆಂದು ಹೊರಟೇಬಿಟ್ಟಳು.

ಆ ಬಿಲ್ಲೆ ಕಾರಿನ ಎಂಜಿನ್ನಿನದು. ಹೆಸರು ಥರ್ಮೋಸ್ಟಾಟ್, ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನವರ ಬಾಯಲ್ಲಿ ಬರೀ ವಾಲ್ವ್. ಎಂಜಿನ್ನಿನೊಳಗೆ ಓಡಾಡುವ ನೀರಿಗೆ ಅದು ಬಾಗಿಲು ಕಾಯುವ ಆಳು. ನೀರು ತಣ್ಣಗಿರುವಾಗ ಬಾಗಿಲು ಮುಚ್ಚಿಕೊಂಡಿರುತ್ತದೆ. ನೀರು ಒಳಗೊಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ತಕ್ಕಷ್ಟು ಬಿಸಿಯಾದ ಮೇಲೆ ಬಾಗಿಲು ತಾನಾಗಿಯೇ ತೆರೆದು ನೀರನ್ನು ಮುಂದಿನ ರೇಡಿಯೇಟರಿಗೆ ಬಿಡುತ್ತದೆ, ಅಲ್ಲಿ ಗಾಳಿಗೆ ಅದು ತಣಿದು ವಾಪಸು ಬರುತ್ತದೆ. ಇಷ್ಟನ್ನೆಲ್ಲ ನಾನು ಕಲಿತದ್ದು ಒಲೆಯ ಮುಂದೆ ನಿಂತು. ಕಲಿಸಿದವಳು ನನ್ನ ಸೊಸೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳನ್ನು ನಾನು ಹೆತ್ತಿಲ್ಲ, ಆದ್ದರಿಂದ ನನ್ನ ಮಾತನ್ನು ಧಾರಾಳವಾಗಿ ನಂಬಬಹುದು. ಹೆತ್ತ ಮಗನೂ ಇದ್ದಾನೆ. ದರ್ಜಿ, ಅವನು ಹೊಲಿದ ಕೋಟು ಹಾಕಿಕೊಂಡರೆ ಗೂನು ಬೆನ್ನೂ ನೆಟ್ಟಗೆ ಕಾಣುತ್ತದೆ. ಆದರೆ ಟ್ಯಾಕ್ಸಿಯವನ ಮಗನಾಗಿ ಹುಟ್ಟಿಯೂ ಕಾರು ಹತ್ತಿದರೆ ಎರಡನೆಯ ತಿರುವಿನಲ್ಲೇ ಹೊಟ್ಟೆ ತೊಳಸಿ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾನೆ. ಇವನ ಕೈಗೆ ಸ್ಟಿಯರಿಂಗ್ ಅಲ್ಲ, ಬಕೆಟ್ ಕೊಡಬೇಕು ಎಂದು ಅವನ ಅಪ್ಪ ನಗುತ್ತಿದ್ದರು.

ಅಪ್ಪ ಅಂದರೆ ನಮ್ಮವರು. ರೈಲು ನಿಲ್ದಾಣದ ಮುಂದಿನ ಸ್ಟ್ಯಾಂಡಿನಲ್ಲಿ ಬಹಳ ಕಾಲ ಟ್ಯಾಕ್ಸಿ ಓಡಿಸಿದವರು. ಸೊಸೆ ಮನೆಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಅವರು ಕಾರು ತೊಳೆಯುತ್ತಿದ್ದಾಗ ಇವಳು ಹೋಗಿ ಬಾನೆಟ್ಟಿನೊಳಗೆ ತಲೆ ಹಾಕಿ, ಇದೇನು, ಅದೇನು ಎಂದು ಒಂದೊಂದನ್ನೂ ಮುಟ್ಟಿ ಕೇಳಿದಳಂತೆ. ಕೇಳುವವರು ಸಿಕ್ಕರೆ ಹೇಳುವವರಿಗೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಅಂದು ಇಬ್ಬರೂ ತಿಂಡಿಗೆ ಬಂದದ್ದು ಮಧ್ಯಾಹ್ನಕ್ಕೆ. ಆಮೇಲೆ ಗೋದಾಮಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಓಡಿಸುವುದನ್ನು ಕಲಿಸಿದರು, ಲೈಸೆನ್ಸ್ ಕೊಡಿಸಿದರು, ಭಾನುವಾರಗಳಂದು ಸ್ಟ್ಯಾಂಡಿಗೂ ಕರೆದುಕೊಂಡು ಹೋದರು. ಸ್ಟ್ಯಾಂಡಿನವರೆಲ್ಲ ನನ್ನನ್ನು ನೋಡಿಯೇ ಕಲಿತರೋ ಏನೋ, ಅವಳನ್ನು ಸೊಸೆ ಎಂದೇ ಕರೆಯತೊಡಗಿದರು. ಅಷ್ಟು ಜನ ಮಾವಂದಿರನ್ನು ಕಟ್ಟಿಕೊಂಡ ಸೊಸೆ ಎಲ್ಲೂ ಇರಲಿಕ್ಕಿಲ್ಲ.

ಸ್ಟ್ಯಾಂಡಿಗೆ ಅನ್ನ ಹಾಕುವುದು ಊರಿನ ಹಿಂದಿನ ಗುಡ್ಡ. ಅದರ ನೆತ್ತಿಯ ಮೇಲೆ ಎದೆರೋಗದ ಆಸ್ಪತ್ರೆಯಿದೆ. ರೈಲಿಳಿದ ರೋಗಿಗಳು, ಅವರ ಮನೆಯವರು ಎಲ್ಲರೂ ಟ್ಯಾಕ್ಸಿ ಹಿಡಿದೇ ಮೇಲೆ ಹೋಗಬೇಕು. ದಾರಿಯುದ್ದಕ್ಕೂ ತಿರುವು, ಕಡಿದಾದ ಏರು, ಮೇಲೆ ಹೋದಷ್ಟೂ ಮೈ ಕೊರೆಯುವ ಗಾಳಿ. ನಮ್ಮವರು ಎರಡು ಸ್ವೆಟರ್ ಹಾಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು ಹೋಗುತ್ತಿದ್ದರು. ಸಂಜೆ ಬಾಗಿಲಲ್ಲಿ ನಿಂತು ಕಾರಿನ ಕೀಯನ್ನು ನನ್ನ ಕೈಗೆ ಕೊಡುವುದು ಅವರ ಅಭ್ಯಾಸ. ಕೀಗಿಂತ ಅವರ ಬೆರಳೇ ತಣ್ಣಗಿರುತ್ತಿತ್ತು. ಟೀ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂರುತ್ತಿದ್ದರು. ಕುಡಿಯುವುದಕ್ಕಿಂತ ಹಿಡಿದುಕೊಳ್ಳುವುದೇ ಹೆಚ್ಚು. ಹಾಳು ಗುಡ್ಡ ಎಂದು ನಾನು ದಿನವೂ ಶಪಿಸುತ್ತಿದ್ದೆ.

ಆ ಕೀ ಗೊಂಚಲಲ್ಲಿ ಕೀ ಜೊತೆ ಒಂದು ವಾಲ್ವ್ ತೂಗುತ್ತಿತ್ತು. ನಮ್ಮದರಲ್ಲಿ ಮಾತ್ರವಲ್ಲ, ಸ್ಟ್ಯಾಂಡಿನ ಪ್ರತಿಯೊಬ್ಬರ ಗೊಂಚಲಲ್ಲೂ. ಬಹಳ ಹಿಂದೆ ಸ್ಟ್ಯಾಂಡಿನ ಲೀಡರ ಕಾರು ಗುಡ್ಡದ ಮೇಲೆ ಕುದಿದು, ಬಾನೆಟ್ಟಿನಿಂದ ಹಬೆ ಎದ್ದು, ಜನ ಇಳಿದು ನಡೆದುಹೋಗಿದ್ದರು. ವಾಲ್ವ್ ಮುಚ್ಚಿಕೊಂಡು ಕೂತಿದೆ ಎಂದು ಗೊತ್ತಾದ ಮೇಲೆ ಲೀಡರು ಅದನ್ನು ಕಿತ್ತು ಹಾಕಿದರು. ಕಾರು ಮತ್ತೆ ಕುದಿಯಲಿಲ್ಲ. ಸರಿ, ಎಲ್ಲರೂ ತಂತಮ್ಮದನ್ನು ಕಿತ್ತರು. ಆಮೇಲೆ ಅದೊಂದು ಶಾಸ್ತ್ರವೇ ಆಯಿತು. ಹೊಸ ಕಾರು ಸ್ಟ್ಯಾಂಡಿಗೆ ಬಂದರೆ ಮೊದಲು ಅದರ ವಾಲ್ವ್ ಕೀಳಬೇಕು. ಲೀಡರು ಅದನ್ನು ಕೀಗೆ ಪೋಣಿಸಿ ಕೊಟ್ಟರೆ ಅವನು ಸ್ಟ್ಯಾಂಡಿನವನಾದ ಹಾಗೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡು, ಕೊಯ್ದ ಮೂಗನ್ನು ಕೊರಳಿಗೆ ಪದಕ ಮಾಡಿಕೊಂಡವರು ಇವರೇ ಇರಬೇಕು.

ವಾಲ್ವ್ ಇಲ್ಲದ ಎಂಜಿನ್ನಿನಲ್ಲಿ ನೀರು ಸದಾ ರೇಡಿಯೇಟರಿಗೇ ಓಡುತ್ತದೆ, ಬಿಸಿಯಾಗಲು ಪುರುಸೊತ್ತೇ ಇಲ್ಲ. ಸ್ಟಿಯರಿಂಗ್ ಹಿಂದಿನ ಮೀಟರಿನಲ್ಲಿ ಶಾಖ ತೋರಿಸುವ ಮುಳ್ಳು ತಳದಲ್ಲೇ ಬಿದ್ದಿರುತ್ತದೆ. ಆ ಸ್ಟ್ಯಾಂಡಿನಲ್ಲಿ ಅದೇ ಆರೋಗ್ಯದ ಗುರುತು. ಮುಳ್ಳು ಮಲಗಿದ್ದರೆ ಮನೆ ತಲುಪುತ್ತೀಯ ಎನ್ನುವುದು ಅಲ್ಲಿನ ಗಾದೆ. ಇನ್ನೊಂದು ಕಟ್ಟಲೆಯೂ ಇತ್ತು: ದಾರಿಯಲ್ಲಿ ಗಿರಾಕಿಯನ್ನು ಕೂರಿಸಿಕೊಂಡು ಬಾನೆಟ್ ಎತ್ತಿದವರು ಸಾಲಿನ ಕೊನೆಗೆ ಹೋಗಬೇಕು, ಗುಡ್ಡದ ಸರದಿ ಅವರಿಗಿಲ್ಲ. ಊರೊಳಗೆ ಸಾಮಾನು ಸರಂಜಾಮು ಸಾಗಿಸಿಕೊಂಡು ಇರಬೇಕು.

ನಮ್ಮವರು ತೀರಿಹೋದ ಮೇಲೆ ಕಾರು ಸೊಸೆಯ ಕೈಗೆ ಬಂತು. ಹೆಂಗಸು ಗುಡ್ಡ ಹತ್ತಿಸುತ್ತಾಳೆಯೇ ಎಂದು ಸ್ಟ್ಯಾಂಡಿನಲ್ಲಿ ಗುಸುಗುಸು ಇತ್ತು. ಲೀಡರು ನಮ್ಮವರ ಸ್ನೇಹಿತರು, ಅವರಿಗಿಂತ ಸ್ವಲ್ಪ ಕಿರಿಯರು, ನನ್ನನ್ನು ಅತ್ತಿಗೆ ಎಂದೇ ಕರೆಯುವವರು. ಆ ಗೊಂಚಲನ್ನು ಎತ್ತಿ ಎಲ್ಲರಿಗೂ ತೋರಿಸಿ, ಈ ವಾಲ್ವನ್ನು ನಾನೇ ಪೋಣಿಸಿದ್ದು, ಇದು ಯಾರ ಕೈಯಲ್ಲಿದೆಯೋ ಅವರು ನಮ್ಮವರು ಎಂದರು. ಅಲ್ಲಿಗೆ ಗುಸುಗುಸು ನಿಂತಿತು. ಸೊಸೆ ಸರದಿಯಲ್ಲಿ ನಿಂತು ಎಲ್ಲರ ಹಾಗೆ ಗುಡ್ಡ ಹತ್ತಿದಳು, ಇಳಿದಳು. ಸಂಜೆ ಬಾಗಿಲಲ್ಲಿ ನಿಂತು ಕೀಯನ್ನು ನನ್ನ ಕೈಗೆ ಕೊಡುವುದನ್ನೂ ಮಾವನಿಂದಲೇ ಕಲಿತಿದ್ದಳು. ಅವಳ ಬೆರಳೂ ಅಷ್ಟೇ ತಣ್ಣಗೆ.

ಒಂದು ದಿನ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಹೊರಟ ಒಬ್ಬ ಮುದುಕಿಯನ್ನು ಇವಳು ಕೆಳಗೆ ಕರೆತಂದಳು. ಅರ್ಧ ದಾರಿಯಲ್ಲಿ ಮುದುಕಿಗೆ ನಡುಕ ಹತ್ತಿತು. ಹೀಟರ್ ಹಾಕಮ್ಮ ಎಂದಳಂತೆ. ಇವಳು ಹಾಕಿದಳು, ಬಂದದ್ದು ತಣ್ಣನೆಯ ಗಾಳಿ. ಮುದುಕಿ ಎದೆ ಹಿಡಿದುಕೊಂಡು ಕೆಮ್ಮುತ್ತಲೇ ಬಂದಳು. ವಾಸಿಮಾಡಿ ಕಳಿಸಿದವರನ್ನು ನಾವು ದಾರಿಯಲ್ಲಿ ಮತ್ತೆ ರೋಗಿ ಮಾಡುತ್ತಿದ್ದೇವೆ ಎಂದು ಸೊಸೆ ಆ ದಿನ ಊಟದ ಮುಂದೆ ಕೂತು ಹೇಳಿದಳು. ಅನ್ನ ಕಲಸಿದ ಕೈ ಹಾಗೇ ಒಣಗಿತು.

ಮರುದಿನ ಗ್ಯಾರೇಜಿಗೆ ಹೋಗಿ ಹೀಟರ್ ಕೆಟ್ಟಿದೆ, ನೋಡಿ ಎಂದಳು. ಮೆಕ್ಯಾನಿಕ್ ನೋಡಿ ಬಿದ್ದು ಬಿದ್ದು ನಕ್ಕನಂತೆ. ಹೀಟರಿಗೆ ಬಿಸಿ ಬರುವುದು ಎಂಜಿನ್ನಿನ ನೀರಿನಿಂದ, ನೀರಿಗೆ ಬಿಸಿ ನಿಲ್ಲುವುದು ವಾಲ್ವಿನಿಂದ, ವಾಲ್ವನ್ನು ಕೀಗೆ ಗೆಜ್ಜೆಯ ಹಾಗೆ ಕಟ್ಟಿಕೊಂಡು ಬಂದು ಹೀಟರನ್ನು ಬೈದರೆ ಹೇಗೆ ಎಂದು ಕೇಳಿದ. ಸೊಸೆ ನಗಲಿಲ್ಲ. ಬಿಡಿಭಾಗಗಳ ಅಂಗಡಿಗೆ ಹೋಗಿ ಹೊಸ ವಾಲ್ವ್ ತಂದು, ಆಗಲೇ ಹಾಕಿಸಿಕೊಂಡಳು.

ಅದೇ ವಾರ ಗುಡ್ಡದ ನಡುವೆ ಅವಳ ಕಾರು ಕುದಿಯಿತು. ಹೊಸ ಡಬ್ಬಿಯಿಂದ ತೆಗೆದ ಹೊಸ ವಾಲ್ವೇ ಕೆಟ್ಟದ್ದು. ಮುಚ್ಚಿದ ಬಾಗಿಲು ತೆರೆಯಲೇ ಇಲ್ಲ. ಮುಳ್ಳು ಕೆಂಪಿಗೆ ಹೋಯಿತು, ಹಬೆ ಎದ್ದಿತು. ಎಂಜಿನ್ ಸುಟ್ಟುಕೊಳ್ಳುವ ಮೊದಲು ಇವಳು ಪಕ್ಕಕ್ಕೆ ನಿಲ್ಲಿಸಿದ್ದು ಪುಣ್ಯ. ಬಾನೆಟ್ ಎತ್ತಿಕೊಂಡು ನಿಂತಿರುವಾಗಲೇ ಮೇಲಿನಿಂದ ಲೀಡರ ಕಾರು ಇಳಿದು ಬರಬೇಕೆ? ಅವರು ಗಿರಾಕಿಗಳನ್ನು ತಮ್ಮ ಕಾರಿಗೆ ಹತ್ತಿಸಿಕೊಂಡು, ಕಾರು ತಿರುಗಿಸಿ ಮತ್ತೆ ಮೇಲಕ್ಕೆ ಹೋದರು.

ಸ್ಟ್ಯಾಂಡಿನಲ್ಲಿ ತೀರ್ಪಾಯಿತು. ಸೊಸೆ ಸಾಲಿನ ಕೊನೆಗೆ. ಆದರೆ ಲೀಡರು ಕೆಟ್ಟವರಲ್ಲ, ಒಂದು ದಾರಿ ತೋರಿಸಿದರು: ಹಾಕಿದ ವಾಲ್ವ್ ಕಿತ್ತು ಕೀಗೆ ಪೋಣಿಸಿಕೊಂಡು ಬಂದರೆ ನಾಳೆಯೇ ಗುಡ್ಡದ ಸರದಿ ವಾಪಸು. ಯಾರಾದರೂ ಒಪ್ಪಿಬಿಡುತ್ತಿದ್ದರು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ನನ್ನ ಸೊಸೆ ಅಷ್ಟು ಜನ ಗಂಡಸರ ನಡುವೆ ನಿಂತು ಹೇಳಿದ್ದಿಷ್ಟು:

"ಅಣ್ಣ, ನಾನು ಹಾಕಿದ ವಾಲ್ವ್ ಕೆಟ್ಟಿತ್ತು. ವಾಲ್ವ್ ಹಾಕಿದ್ದು ಕೆಟ್ಟದ್ದಲ್ಲ."

ಅವತ್ತಿನಿಂದ ಅವಳು ಊರೊಳಗಿನ ಸಾಮಾನಿನ ಗಾಡಿಯಾದಳು. ಬಟ್ಟೆಯ ಮೂಟೆ, ಕುರ್ಚಿ, ಒಂದು ದಿನ ಯಾರದೋ ಗಡಿಯಾರದ ಪೆಟ್ಟಿಗೆ. ಗುಡ್ಡದ ಸರದಿ ಇಲ್ಲದವನನ್ನು ಸ್ಟ್ಯಾಂಡಿನಲ್ಲಿ ಡ್ರೈವರ್ ಎಂದು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಟೀ ತರಿಸಿದರೆ ಅವನ ಲೋಟ ಕೊನೆಗೆ ಬರುತ್ತದೆ. ಅವಳ ಲೋಟವೂ ಕೊನೆಗೆ ಬಂತು. ನನಗೆ ಮೈಯೆಲ್ಲ ಉರಿಯಿತು. ನನ್ನ ಸೊಸೆಯನ್ನು ನಾನು ಬೈಯಬಹುದು, ಅದಕ್ಕೆಂದೇ ನಾನು ಅತ್ತೆಯಾಗಿರುವುದು. ಬೇರೆಯವರು ಯಾರು ಅವಳಿಗೆ ಆರಿದ ಟೀ ಕೊಡುವುದಕ್ಕೆ?

ಅವಳು ಮಾತ್ರ ಕೂಗಾಡಲಿಲ್ಲ. ಕೆಟ್ಟ ವಾಲ್ವನ್ನು ಬಿಚ್ಚಿ ಮನೆಗೆ ತಂದು ಅಡುಗೆಮನೆಯಲ್ಲಿ ಏನೋ ಹುಡುಕತೊಡಗಿದಳು. ಉದ್ದ ಪಾತ್ರೆ ಬೇಕಂತೆ, ತಳ ದಪ್ಪಗಿರಬೇಕಂತೆ. ಅಂಥದ್ದು ಇದ್ದದ್ದು ನನ್ನ ಹಾಲಿನ ಪಾತ್ರೆ ಒಂದೇ. ಕೊಡುವುದಿಲ್ಲ ಎಂದೆ. ಸುಮ್ಮನೆ ನನ್ನ ಮುಖ ನೋಡುತ್ತಾ ನಿಂತಳು. ಆ ನೋಟಕ್ಕೆ ನಮ್ಮವರೂ ಸೋಲುತ್ತಿದ್ದರು, ನಾನು ಯಾವ ಗಿಡದ ತೊಪ್ಪಲು. ಮಗ ತನ್ನ ಮಿಷನ್ನಿನಿಂದ ಗಟ್ಟಿ ದಾರ ಕಿತ್ತು ಕೊಟ್ಟ. ಪಾತ್ರೆಯ ತಳಕ್ಕೆ ತಾಗದ ಹಾಗೆ ವಾಲ್ವನ್ನು ಅದರಲ್ಲಿ ಇಳಿಬಿಟ್ಟು, ತಣ್ಣೀರು ತುಂಬಿ ಒಲೆ ಹಚ್ಚಿದಳು. ಹಬೆ ಬಂತು, ನೀರು ಕೊತಕೊತ ಕುದಿಯಿತು, ವಾಲ್ವ್ ಕಮಕ್ ಕಿಮಕ್ ಎನ್ನಲಿಲ್ಲ.

"ನೋಡಿ ಅತ್ತೆ, ಇದು ಹುಟ್ಟಿದಾಗಿಂದ ಸತ್ತಿದೆ. ಹಾಕೋ ಮುಂಚೆ ಕುದಿಸಿ ನೋಡಿದ್ದಿದ್ರೆ ಗೊತ್ತಾಗ್ತಿತ್ತು" ಎಂದಳು.

ಅಂಗಡಿಯವನಿಗೆ ಅದನ್ನು ವಾಪಸು ಕೊಟ್ಟು ಇನ್ನೊಂದು ತಂದಳು. ಅದು ನೀರು ಬಿಸಿಯಾಗುತ್ತಲೇ ತೆರೆಯಿತು, ಆದರೆ ನೀರು ಆರಿದ ಮೇಲೂ ಬಾಯಿ ಬಿಟ್ಟುಕೊಂಡೇ ಇತ್ತು. ಅದೂ ವಾಪಸು. ಇವಳು ಮತ್ತೆ ಹೋದಾಗ ಅಂಗಡಿಯವನು ಬಾಗಿಲು ಎಳೆದುಕೊಳ್ಳುವುದೊಂದೇ ಬಾಕಿ. ಅದರ ಮುಂದಿನದನ್ನು ಕುದಿಸುವಾಗ ನಾನೂ ಪಕ್ಕದಲ್ಲಿ ನಿಂತಿದ್ದೆ. ನೀರು ಇನ್ನೂ ಕುದಿದಿರಲಿಲ್ಲ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿತ್ತು. ಬಿಲ್ಲೆಯ ನಡುವಿನ ತಟ್ಟೆ ಮೆಲ್ಲಗೆ ಅಲುಗಿ, ನಿದ್ದೆಯಿಂದ ಎದ್ದ ಮಗು ಕಣ್ಣು ಬಿಟ್ಟ ಹಾಗೆ ಬಿಟ್ಟುಕೊಂಡಿತು. ಒಲೆ ಆರಿಸಿ ಕಾದೆವು. ಅಷ್ಟೇ ಮೆಲ್ಲಗೆ ಮುಚ್ಚಿಕೊಂಡಿತು. ಮತ್ತೆ ಕಾಯಿಸಿದಳು, ಮತ್ತೆ ತೆರೆಯಿತು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡೆ. ನನ್ನ ಪಾತ್ರೆ ಹೋದದ್ದಕ್ಕೆ ಬೇಜಾರಾಗಲಿಲ್ಲ.

ವಾಲ್ವೇನೋ ಕಾರಿಗೆ ಕೂತಿತು. ಆದರೆ ಗುಡ್ಡ ಹತ್ತಲು ಸರದಿ ಇಲ್ಲವಲ್ಲ. ಆಗ ನನಗೆ ನಮ್ಮವರು ಹೇಳಿದ್ದೊಂದು ನೆನಪಾಯಿತು. ಬಾನೆಟ್ಟಿನ ಕಟ್ಟಲೆಗೆ ಬಾಲವೊಂದಿದೆ: ಕೊನೆಗೆ ಹೋದವನು ಲೀಡರನ್ನೇ ಕೂರಿಸಿಕೊಂಡು, ಕಾರಿನ ತುಂಬ ಭಾರ ಹಾಕಿಕೊಂಡು, ಬಾನೆಟ್ ಎತ್ತದೆ ಗುಡ್ಡ ಹತ್ತಿಸಿದರೆ ಸರದಿ ವಾಪಸು. ಯಾರೂ ಹಾಗೆ ಹತ್ತಿಸಿ ಬಹಳ ಕಾಲವಾಗಿ ಎಲ್ಲರೂ ಮರೆತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಸೀದಾ ಸ್ಟ್ಯಾಂಡಿಗೆ ಹೋದೆ. ಲೀಡರು ಎದ್ದು ನಿಂತು ಬನ್ನಿ ಅತ್ತಿಗೆ ಎಂದರು. ಕೂರುವುದಕ್ಕೆ ಬಂದಿಲ್ಲ, ಹತ್ತುವುದಕ್ಕೆ ಬಂದಿದ್ದೇನೆ ಎಂದು ಹೇಳಿ, ಕಟ್ಟಲೆಯ ಬಾಲವನ್ನು ಎಲ್ಲರೆದುರು ಎಳೆದೆ. ಬಿಸಿತುಪ್ಪ ಬಾಯಿಗೆ ಬಿದ್ದವರ ಹಾಗಾದರು. ಇಲ್ಲ ಎಂದರೆ ಕಟ್ಟಲೆ ಮುರಿಯುತ್ತದೆ, ಹೂಂ ಎಂದರೆ ಹೆಂಗಸೊಬ್ಬಳ ಹಟಕ್ಕೆ ಹೂಂ ಎಂದ ಹಾಗೆ. ಕೊನೆಗೆ ಹೂಂ ಎಂದರು. ಆದರೆ ಸೋತರೆ ವಾಲ್ವ್ ಕೀಳಬೇಕು, ಈ ಮಾತು ಮತ್ತೆ ಎತ್ತಬಾರದು ಎಂದರು. ಸಾಲಿನ ಕೊನೆಯಿಂದ ಬಂದು ನಿಂತಿದ್ದ ಸೊಸೆ ಒಪ್ಪಿ ತಲೆಯಾಡಿಸಿದಳು.

ಹೊರಟೆವು. ಸೊಸೆಯ ಪಕ್ಕದಲ್ಲಿ ಲೀಡರು, ಹಿಂದೆ ನಾನು, ನನ್ನ ಪಕ್ಕದಲ್ಲಿ ಭಾರಕ್ಕೆಂದು ಸ್ಟ್ಯಾಂಡಿನ ಅತಿ ದೊಡ್ಡ ಡ್ರೈವರ್, ಎಲ್ಲರೂ ಪೀಪಾಯಿ ಎಂದು ಕರೆಯುವವನು. ಡಿಕ್ಕಿಯಲ್ಲಿ ಮರಳಿನ ಚೀಲಗಳು. ಮಗ ಅಂಗಡಿ ಬಾಗಿಲಲ್ಲಿ ನಿಂತು ಕೈ ಬೀಸಿದ. ನಿಂತ ಕಾರನ್ನು ನೋಡಿದರೂ ಅವನ ಮುಖ ಬಾಡುತ್ತದೆ.

ಊರು ದಾಟುವಷ್ಟರಲ್ಲಿ ಮುಳ್ಳು ಏಳತೊಡಗಿತು. ನನಗೆ ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು. ಲೀಡರ ಕಣ್ಣು ರಸ್ತೆಯ ಮೇಲಿರಲೇ ಇಲ್ಲ. ಮೊದಲನೆಯ ತಿರುವಿಗೆ ಮುಳ್ಳು ಕಾಲು ಭಾಗಕ್ಕೆ ಬಂತು, ಆಮೇಲೆ ಇನ್ನೂ ಮೇಲೆ. ಲೀಡರು ಸೀಟಿನ ಅಂಚಿಗೆ ಸರಿದರು. ಪೀಪಾಯಿ ನನ್ನ ಪಕ್ಕದಲ್ಲಿ ದೇವರನ್ನು ನೆನೆಯುತ್ತಿದ್ದ. ಅವರನ್ನು ಅಂದು ಏನು ಪ್ರಯೋಜನ? ಅಷ್ಟು ವರ್ಷ ಮಲಗಿದ ಮುಳ್ಳನ್ನೇ ನೋಡಿದವರು. ಎದ್ದು ಕೂತ ಮುಳ್ಳು ಅವರ ಪಾಲಿಗೆ ದೆವ್ವ. ನಡುವಿಗೆ ಬಂದದ್ದೇ ಲೀಡರು ನಿಲ್ಲಿಸು ಎಂದರು. ಇವಳು ನಿಲ್ಲಿಸಲಿಲ್ಲ. ಅವರ ಕೈ ಹ್ಯಾಂಡ್‌ಬ್ರೇಕಿನ ಕಡೆ ಹೋಯಿತು.

"ಕೈ ತೆಗೀರಿ ಅಣ್ಣ" ಎಂದಳು ಸೊಸೆ, ರಸ್ತೆಯಿಂದ ಕಣ್ಣು ತೆಗೆಯದೆ. "ಅದರ ಜಾಗ ಅದೇ. ಮಲಗಿದ್ರೆ ಕಾಯಿಲೆ, ನಡುವೆ ನಿಂತ್ರೆ ಆರೋಗ್ಯ."

"ನಿಂತ್ರೆ ತಾನೇ?" ಎಂದರು ಲೀಡರು.

ಮುಳ್ಳು ನಡುವನ್ನು ಮುಟ್ಟಿ, ಒಂದು ಕೂದಲಿನಷ್ಟು ಕೆಳಗಿಳಿದು, ಅಲ್ಲೇ ನಿಂತಿತು. ಒಳಗೆ ಬಾಗಿಲು ತೆರೆದಿತ್ತು. ಹಾಲಿನ ಪಾತ್ರೆಯಲ್ಲಿ ಅದನ್ನು ಕಣ್ಣಾರೆ ಕಂಡವಳು ನಾನು; ನನ್ನ ಎದೆ ಉಬ್ಬಿತು. ಪೀಪಾಯಿಯ ಕಡೆ ತಿರುಗಿ ನೋಡಿದೆ, ಅವನು ಇನ್ನೂ ಕಣ್ಣು ಮುಚ್ಚಿಕೊಂಡಿದ್ದ.

ಕಡಿದಾದ ಏರು ಬಂದಾಗ ಉಬ್ಬಿದ ಎದೆ ಇಳಿಯಿತು. ಮುಂದೆ ಇಟ್ಟಿಗೆ ತುಂಬಿದ ಲಾರಿ ಆಮೆಯ ಹಾಗೆ ಹತ್ತುತ್ತಿತ್ತು. ಪಕ್ಕಕ್ಕೆ ಜಾಗವಿಲ್ಲ. ಮೊದಲನೆಯ ಗೇರಿನಲ್ಲಿ ಅದರ ಹಿಂದೆಯೇ ತೆವಳಬೇಕು, ಎಂಜಿನ್ನಿಗೆ ಗಾಳಿ ಸಾಲದು. ಮುಳ್ಳು ನಡುವನ್ನು ಬಿಟ್ಟು ಮೇಲೆ ಸರಿಯಿತು. ಈ ಸಲ ನನಗೂ ಭಯವಾಯಿತು. ಈ ವಾಲ್ವೂ ಕೈಕೊಟ್ಟರೆ ಸರದಿ ಮಾತ್ರವಲ್ಲ, ಎಂಜಿನ್ನೇ ಹೋಗುತ್ತದೆ. ಅವಳನ್ನು ಡ್ರೈವರ್ ಎಂದು ಇನ್ನು ಯಾರೂ ಕರೆಯುವುದಿಲ್ಲ. ಅವಳ ಕುತ್ತಿಗೆಯ ಮೇಲೆ ಬೆವರು ಹೊಳೆಯುತ್ತಿತ್ತು. ಅವಳು ಕೈ ಚಾಚಿ ಹೀಟರನ್ನು ಪೂರ್ತಿ ತಿರುಗಿಸಿದಳು. ಎಂಜಿನ್ನಿನ ಹೆಚ್ಚಿನ ಬಿಸಿಯೆಲ್ಲ ಕಾರಿನೊಳಕ್ಕೆ ಬುಸ್ಸೆಂದು ಬಂತು. ಮುಳ್ಳು ಅನುಮಾನಿಸುತ್ತಾ ನಿಂತು, ಮೆಲ್ಲಗೆ ಹಿಂದೆ ಸರಿದು, ತನ್ನ ಜಾಗಕ್ಕೆ ಬಂದು ಕೂತಿತು. ಲಾರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಎದುರಿನಿಂದ ನಮ್ಮ ಸ್ಟ್ಯಾಂಡಿನದೇ ಕಾರೊಂದು ಇಳಿದು ಬಂತು. ಅದರ ಗಾಜಿನ ತುಂಬ ಮಂಜು ಕೂತಿತ್ತು. ಡ್ರೈವರ್ ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿ, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದ. ಹಿಂದೆ ಕೂತವರು ಕಂಬಳಿ ಹೊದ್ದು ಮುದುರಿದ್ದರು. ನಮ್ಮ ಗಾಜು ನಿಚ್ಚಳವಾಗಿತ್ತು. ಲೀಡರು ಆ ಕಾರು ಹೋದ ದಿಕ್ಕಿಗೆ ತಿರುಗಿ ನೋಡಿದರು, ಆಮೇಲೆ ಕತ್ತಿನ ಮಫ್ಲರ್ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

ಆಸ್ಪತ್ರೆಯ ಗೇಟಿನ ಮುಂದೆ ಸೊಸೆ ಕಾರು ನಿಲ್ಲಿಸಿದಳು. ಬಾನೆಟ್ ಎತ್ತಿರಲಿಲ್ಲ. ಹೊರಗೆ ಗಾಳಿ ಸಿಳ್ಳೆ ಹಾಕುತ್ತಿತ್ತು. ಲೀಡರು ಇಳಿಯುವ ಲಕ್ಷಣ ಕಾಣಲಿಲ್ಲ. ಪೀಪಾಯಿ ಬಾಗಿಲು ತೆರೆಯಹೋದಾಗ, ಮುಚ್ಚಯ್ಯ, ಬಿಸಿ ಹೋಗುತ್ತೆ ಎಂದು ಗದರಿದರು. ನಾನು ಅಷ್ಟು ಹೊತ್ತಿಗೆ ನನ್ನ ಕೈ ನೋಡಿಕೊಳ್ಳುತ್ತಿದ್ದೆ. ಗುಡ್ಡದ ನೆತ್ತಿಯಲ್ಲಿ ನನ್ನ ಬೆರಳು ಬೆಚ್ಚಗಿದ್ದವು. ಇಲ್ಲಿಗೆ ದಿನವೂ ಬಂದು ಹೋದವರ ಬೆರಳು ನೆನಪಾಯಿತು. ದುಃಖ ಒತ್ತರಿಸಿ ಬಂತು, ಜೊತೆಗೆ ಸಿಟ್ಟೂ.

"ನಮ್ಮವರ ಕೈ ನೆನಪಿದೆಯಾ ಲೀಡರೇ?" ಎಂದೆ. "ಟೀ ಲೋಟ ಹಿಡಿದರೆ ಬಿಡ್ತಾನೇ ಇರಲಿಲ್ಲ."

ಅವರು ತಮ್ಮ ಎರಡೂ ಕೈಯನ್ನು ಹೀಟರಿನ ಗಾಳಿಗೆ ಹಿಡಿದರು. ಗೆಣ್ಣು ಊದಿ, ಬೆರಳು ಸೊಟ್ಟಗಾಗಿದ್ದವು. ನಮ್ಮವರದೇ ಕೈ.

"ಇಷ್ಟು ವರ್ಷ ಸುಮ್ನೆ ಗುಡ್ಡಕ್ಕೆ ಬೈತಿದ್ವಿ ಅತ್ತಿಗೆ" ಎಂದರು.

ಮರುದಿನ ಸೊಸೆಗೆ ಸರದಿ ವಾಪಸು ಸಿಕ್ಕಿತು. ಅದಕ್ಕಿಂತ ದೊಡ್ಡ ವಿಷಯ, ಲೀಡರು ಬೆಳಿಗ್ಗೆಯೇ ನಮ್ಮ ಮನೆಯ ಬಾಗಿಲಿಗೆ ಬಂದರು. ಕೀ ಗೊಂಚಲಿನಿಂದ ತಮ್ಮ ವಾಲ್ವ್ ಬಿಚ್ಚಿ ಸೊಸೆಯ ಕೈಯಲ್ಲಿಟ್ಟು, ಇದನ್ನೂ ಒಂದು ಸಲ ಕುದಿಸಿ ನೋಡಮ್ಮ ಎಂದರು. ಸ್ಟ್ಯಾಂಡಿನ ಮೊದಲನೆಯ ವಾಲ್ವ್ ಅದು, ಉಳಿದವರೆಲ್ಲ ಅದನ್ನು ನೋಡಿಯೇ ಕಿತ್ತದ್ದು. ಅಡುಗೆಮನೆಯಲ್ಲಿ ಎಲ್ಲರೂ ಒಲೆಯ ಸುತ್ತ ನಿಂತೆವು. ನೀರು ಕುದಿದು ಉಕ್ಕಿತು, ವಾಲ್ವ್ ತೆರೆಯಲಿಲ್ಲ. ಲೀಡರ ಮುಖ ಅರಳಿತು. ನೋಡಿದ್ರಾ, ನನ್ನದು ನಿಜವಾಗ್ಲೂ ಕೆಟ್ಟಿತ್ತು, ನಾನು ಸುಮ್ಮನೆ ಕಿತ್ತದ್ದಲ್ಲ ಎಂದು ಮಕ್ಕಳ ಹಾಗೆ ಹೇಳಿದರು. ನಾನೂ ಒಪ್ಪಿದೆ. ಅವರು ದಡ್ಡರಲ್ಲ ಎಂದು ನಾನು ಯಾವಾಗಲೂ ಹೇಳುತ್ತೇನೆ, ಅವರೆದುರು ಮಾತ್ರ ಹೇಳುವುದಿಲ್ಲ.

ಆಗ ಸೊಸೆ ಗೋಡೆಯ ಮೊಳೆಯಿಂದ ನಮ್ಮ ಕೀ ತೆಗೆದಳು. ಅದರಲ್ಲಿದ್ದ ಮಾವನ ವಾಲ್ವ್ ಬಿಚ್ಚಿ, ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಪಾತ್ರೆಗೆ ಹೊಸ ತಣ್ಣೀರು ಬಂತು. ಮಗ ದಾರ ಕಟ್ಟಿಕೊಟ್ಟ. ಅಷ್ಟು ವರ್ಷ ಕೀ ಜೊತೆ ತೂಗಿ, ಜೇಬಿನಲ್ಲಿ ಉಜ್ಜಿ ಅದು ಕನ್ನಡಿಯಷ್ಟು ನುಣುಪಾಗಿತ್ತು. ಅಂಚಿನಲ್ಲಿ ಗುಳ್ಳೆ ಎದ್ದವು. ನೀರಿನ ಮೇಲೆ ಹಬೆ ಆಡಿತು. ನಾನು ಅದು ತೆರೆಯದಿರಲಿ ಎಂದುಕೊಂಡೆನೋ, ತೆರೆಯಲಿ ಎಂದುಕೊಂಡೆನೋ ನನಗೇ ಗೊತ್ತಿಲ್ಲ. ಅದು ತೆರೆಯಿತು. ಒಂಚೂರೂ ತಡವರಿಸದೆ, ಪೂರ್ತಿ.

ಅದಕ್ಕೆ ಎಂದೂ ಏನೂ ಆಗಿರಲಿಲ್ಲ. ಚೆನ್ನಾಗಿದ್ದದ್ದನ್ನು ಕಿತ್ತು ಕೀಗೆ ಕಟ್ಟಿಕೊಂಡು, ಮಫ್ಲರ್ ಸುತ್ತಿಕೊಂಡು, ಅವರು ಚಳಿಯಲ್ಲಿ ಜೀವಮಾನ ಕಳೆದಿದ್ದರು. ಲೀಡರು ಒಲೆ ಕಟ್ಟೆಗೆ ಕೈಯೂರಿ ನಿಂತರು.

"ನೆಗಡಿ ಬಂದಿದ್ದು ನನ್ನೊಬ್ಬನಿಗೆ ಅತ್ತಿಗೆ. ಮೂಗು ಕೊಯ್ದಿದ್ದು ಎಲ್ಲರದ್ದು."

ಅವರಿಗೆ ಬೈಯಲು ನನ್ನ ಬಾಯಲ್ಲಿ ಬೇಕಾದಷ್ಟು ಮಾತಿತ್ತು. ಆದರೆ ಅವರ ಕಣ್ಣು ನೋಡಿದ ಮೇಲೆ ಟೀ ಕೊಟ್ಟೆ. ಬಿಸಿಯಾಗಿ, ಎಲ್ಲರಿಗಿಂತ ಮೊದಲು.

ಸೊಸೆ ಮಾವನ ವಾಲ್ವನ್ನು ಅಂದು ಮತ್ತೆ ಮತ್ತೆ ಕುದಿಸಿದಳು, ಆರಿಸಿದಳು. ಪ್ರತಿ ಸಲವೂ ಅದು ತೆರೆದು ಮುಚ್ಚಿಕೊಂಡಿತು. ಸಂಜೆ ಕಾರಿನಲ್ಲಿದ್ದ ಹೊಸದನ್ನು ಬಿಚ್ಚಿ ಇದನ್ನು ಕೂರಿಸಿದಳು. ನೀರು ಸೋರದ ಹಾಗೆ ಹೊಸ ಗ್ಯಾಸ್ಕೆಟ್ ಹಾಕಿ, ಅಂಚು ಉಜ್ಜಿ, ಬೋಲ್ಟುಗಳನ್ನು ಒಂದೊಂದಾಗಿ ಬಿಗಿದಳು. ಬಿಚ್ಚಿದ ಹೊಸದನ್ನು ಅದೇ ಮಾದರಿಯ ಲೀಡರ ಕಾರಿಗೆ ಅವಳೇ ಹಾಕಿಕೊಟ್ಟಳು.

ಆಮೇಲೆ ಸ್ಟ್ಯಾಂಡಿನವರು ಒಬ್ಬೊಬ್ಬರಾಗಿ ಬಂದರು. ಪೀಪಾಯಿ ಬಂದ ದಿನ ಅಡುಗೆಮನೆಯಲ್ಲಿ ಬೇರೆ ಯಾರಿಗೂ ಜಾಗವಿರಲಿಲ್ಲ. ಅಂಗಡಿಯಿಂದ ತಂದ ಹೊಸದಾದರೂ ಸರಿ, ಕೀಯಿಂದ ಬಿಚ್ಚಿದ ಹಳೆಯದಾದರೂ ಸರಿ, ನಮ್ಮ ಹಾಲಿನ ಪಾತ್ರೆಯಲ್ಲಿ ಕುದಿಯದೆ ಯಾವ ವಾಲ್ವೂ ಆ ಸ್ಟ್ಯಾಂಡಿನ ಕಾರಿಗೆ ಹೋಗುವುದಿಲ್ಲ. ಸೊಸೆ ಗುಡ್ಡಕ್ಕೆ ಹೋಗಿದ್ದರೆ ಪರೀಕ್ಷೆ ಮಾಡುವವಳು ನಾನೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ಬಂದಿದೆ. ಸ್ಟ್ಯಾಂಡಿನಲ್ಲಿ ಈಗ ವಾಲ್ವ್ ತೂಗದ ಬರಿಯ ಕೀ ಇದ್ದವರೇ ಸ್ಟ್ಯಾಂಡಿನವರು. ಹೊಸದಾಗಿ ಯಾರಾದರೂ ಸೇರಿದರೆ ಲೀಡರು ಅವರನ್ನು ಮೊದಲು ಕಳಿಸುವುದು ನಮ್ಮ ಮನೆಗೆ, ಡ್ರೈವರಮ್ಮನಿಗೆ ತೋರಿಸಿಕೊಂಡು ಬಾ ಎಂದು.

ಸೊಸೆ ಈಗಲೂ ಸಂಜೆ ಬಾಗಿಲಲ್ಲಿ ನಿಂತು ಕೀಯನ್ನು ನನ್ನ ಕೈಗೆ ಕೊಡುತ್ತಾಳೆ. ಕೀ ಹಗುರವಾಗಿದೆ. ನಾನು ಅದನ್ನು ತೆಗೆದುಕೊಳ್ಳುವ ನೆಪದಲ್ಲಿ ಅವಳ ಬೆರಳುಗಳನ್ನು ಮುಟ್ಟಿ ನೋಡುತ್ತೇನೆ. ಬೆಚ್ಚಗಿರುತ್ತವೆ.